ಬೆರಳ ಮೇಲೆ 6 × 7 ಮಾಡಿದರೆ 312 ಬರುತ್ತಿದೆ, ಎಲ್ಲಿ ತಪ್ಪು?

ಮಗ್ಗಿ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಾಲ್ಕನೇ ಕ್ಲಾಸು. ಐದರ ಮಗ್ಗಿವರೆಗೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ. ಆರಕ್ಕೆ ಬಂದಳೋ, ನಿಂತೇಬಿಟ್ಟಳು. "ಆರೇಳ್ಲ..." ಅಂತ ಶುರು ಮಾಡಿ ನನ್ನ ಮುಖ ನೋಡುತ್ತಾಳೆ. ಎರಡು ತಿಂಗಳು ಬಾಯಿಪಾಠ ಮಾಡಿಸಿದೆ, ದಿನಾ ಬರೆಸಿದೆ. ಒಂದು ದಿನ ಇಬ್ಬರೂ ಅತ್ತ ಮೇಲೆ ಅದನ್ನು ಬಿಟ್ಟು, ವೇದಗಣಿತದ ಒಂದು ವಿಡಿಯೊದಲ್ಲಿ ನೋಡಿದ್ದ ಬೆರಳ ಲೆಕ್ಕ ಹೇಳಿಕೊಟ್ಟೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಷ್ಟಿ ಅಂದರೆ 5. ಒಂದು ಬೆರಳು ಬಿಚ್ಚಿದರೆ 6, ಎರಡು ಬಿಚ್ಚಿದರೆ 7, ಹೀಗೆ. 7 × 8 ಬೇಕಾದರೆ ಎಡಗೈಯಲ್ಲಿ ಎರಡು ಬೆರಳು, ಬಲಗೈಯಲ್ಲಿ ಮೂರು ಬೆರಳು ಬಿಚ್ಚಬೇಕು. ಬಿಚ್ಚಿದ ಬೆರಳು ಒಟ್ಟು ಐದು, ಅದು ಐವತ್ತು. ಮಡಿಸಿದ ಬೆರಳು ಒಂದು ಕೈಯಲ್ಲಿ ಮೂರು, ಇನ್ನೊಂದರಲ್ಲಿ ಎರಡು, ಗುಣಿಸಿದರೆ ಆರು. ಐವತ್ತಾರು.

ಮೊದಲ ಸಂಜೆಯೇ ಅವಳ ಮುಖ ಅರಳಿತು. 8 × 9, 7 × 9, 8 × 8 ಎಲ್ಲ ಸರಿ ಬಂತು. ಆದರೆ 6 × 7 ಅಂದಾಗ ಬಿಚ್ಚಿದ್ದು ಮೂರು, ಮಡಿಸಿದ್ದು ನಾಲ್ಕು ಮೂರ್ಲ ಹನ್ನೆರಡು ಅಂತ ಪುಸ್ತಕದಲ್ಲಿ 312 ಅಂತ ಬರೆದಳು. 6 × 6 ಕೂಡ 216 ಆಯಿತು. ಮಿಕ್ಕಿದ್ದೆಲ್ಲ ಸರಿ ಬಂದು ಇವೆರಡೇ ಯಾಕೆ ತಪ್ಪುತ್ತವೆ? ಅದಕ್ಕಿಂತ ಹೆಚ್ಚಾಗಿ, ಇದು ಯಾಕೆ ಸರಿ ಬರುತ್ತದೆ ಅಂತ ಅವಳು ಕೇಳಿದಳು, ನನಗೆ ಹೇಳಲು ಬರಲಿಲ್ಲ. ಗೊತ್ತಿಲ್ಲದ್ದನ್ನು ಮಗುವಿನ ತಲೆಗೆ ತುಂಬಿಸುತ್ತಿದ್ದೇನೆ ಅನ್ನೋದೇ ನನಗೆ ಸಂಕಟ. ಮೇಲಾಗಿ ಕ್ಲಾಸಿನಲ್ಲಿ ಬೆರಳು ಎಣಿಸಬಾರದು ಅಂದಿದ್ದಾರಂತೆ, ಕೈಯನ್ನು ಬೆಂಚಿನ ಕೆಳಗೆ ಇಟ್ಟುಕೊಂಡು ಮಾಡುತ್ತಾಳೆ.

ಲೆಕ್ಕಿಗ

ಮೂರು ಅಂದರೆ ಮೂವತ್ತು. 30 + 12 = 42. ಪಕ್ಕ ಪಕ್ಕ ಬರೆಯಬೇಡ, ಕೂಡು ಅಂತ ಹೇಳಿ, ಸರಿಹೋಗುತ್ತದೆ.

ಸೀಮೆಸುಣ್ಣ

ಲೆಕ್ಕಿಗರು ಹೇಳಿದ್ದು ಸರಿ. ಆದರೆ ನಿಮ್ಮ ಮಗಳು ಯಾಕೆ ಅಂತ ಕೇಳಿದ್ದಾಳಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಆ ಪ್ರಶ್ನೆ ಕೇಳುವ ಮಗು ಸಿಕ್ಕರೆ ಅವತ್ತಿನ ಪಾಠ ಅಲ್ಲೇ ನಿಲ್ಲಿಸಿ ಅದಕ್ಕೇ ಕೂರುತ್ತಿದ್ದೆ.

ಬಿಚ್ಚಿದ ಬೆರಳನ್ನು ಸ್ವಲ್ಪ ಹೊತ್ತು ಮರೆಯಿರಿ, ಮಡಿಸಿದ್ದನ್ನು ನೋಡಿ. 7 ತೋರಿಸುವ ಕೈಯಲ್ಲಿ ಮಡಿಸಿದ್ದು ಮೂರು. ಹತ್ತಕ್ಕೆ 7 ಎಷ್ಟು ಕಮ್ಮಿ? ಮೂರು. 8 ತೋರಿಸುವ ಕೈಯಲ್ಲಿ ಮಡಿಸಿದ್ದು ಎರಡು, ಹತ್ತಕ್ಕೆ ಎರಡು ಕಮ್ಮಿ. ಮಡಿಸಿದ ಬೆರಳು ಅಂದರೆ ಹತ್ತಕ್ಕೆ ಬಾಕಿ ಇರುವುದು. ಇಡೀ ಉಪಾಯದ ಜೀವ ಇಷ್ಟರಲ್ಲೇ ಇದೆ.

ಈಗ ಚೌಕದ ಹಾಳೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಚುಕ್ಕಿ ಇಡಿಸಿ. ನಮಗೆ ಬೇಕಾದ್ದು 7 ಸಾಲು, ಸಾಲಿಗೆ 8. ಕೆಳಗಿನ ಮೂರು ಸಾಲು ಪೆನ್ಸಿಲಿನಲ್ಲಿ ಹೊಡೆದುಹಾಕಲಿ, ಮೂವತ್ತು ಹೋಯಿತು. ಬಲಗಡೆಯ ಎರಡು ಕಂಬಸಾಲು ಹೊಡೆಯಲಿ, ಇಪ್ಪತ್ತು ಹೋಯಿತು. ನೂರರಲ್ಲಿ ಐವತ್ತು ಕಳೆದರೆ ಐವತ್ತು. ಆದರೆ ಬಲಗಡೆ ಕೆಳಗಿನ ಮೂಲೆ ನೋಡಿ, ಅಲ್ಲಿ ಮೂರು ಸಾಲು ಎರಡು ಕಂಬ, ಆರು ಚುಕ್ಕಿ. ಅವಕ್ಕೆ ಗೀಟು ಎರಡು ಸಲ ಬಿದ್ದಿದೆ. ಒಂದೇ ಚುಕ್ಕಿಯನ್ನು ಎರಡು ಸಲ ಕಳೆದಿದ್ದೇವೆ, ಆದ್ದರಿಂದ ಆರನ್ನು ವಾಪಸು ಕೊಡಬೇಕು. 50 + 6. ಮಡಿಸಿದ ಬೆರಳನ್ನು ಗುಣಿಸುವುದು ಆ ಮೂಲೆಗಾಗಿ. ಎರಡೂ ಕೈ ಸೇರಿ ಹತ್ತು ಬೆರಳು, ಬೆರಳಿಗೆ ಹತ್ತರಂತೆ ನೂರು ಚುಕ್ಕಿ. ಅದರಲ್ಲಿ ಮಡಿಸಿದ್ದು ಐದು, ಉಳಿದು ಬಿಚ್ಚಿಕೊಂಡಿರುವುದು ಐದು, ಅಂದರೆ ಐವತ್ತು.

ಇನ್ನು 312. 6ರಿಂದ 9ರೊಳಗಿನ ಗುಣಾಕಾರದಲ್ಲಿ ಮೂಲೆ ಒಂಬತ್ತು ದಾಟುವುದು ಎರಡೇ ಕಡೆ: 6 × 6ರಲ್ಲಿ 16, 6 × 7ರಲ್ಲಿ 12. 7 × 7ರಲ್ಲಿ ಮೂಲೆ 9, 6 × 8ರಲ್ಲಿ 8. ಹಾಗಾಗಿ ಮಿಕ್ಕ ಕಡೆ ಪಕ್ಕ ಪಕ್ಕ ಬರೆದರೂ ಸರಿ ಬಂದುಬಿಡುತ್ತದೆ, ತಪ್ಪು ಅಭ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಮಗಳು ಕೈಯಲ್ಲಿ ತಪ್ಪಿಲ್ಲ, ಬಿಡಿಸ್ಥಾನದಲ್ಲಿ ತಪ್ಪಿದ್ದಾಳೆ. ಹನ್ನೆರಡರೊಳಗೆ ಒಂದು ಹತ್ತು ಕೂತಿದೆ, ಅದು ಎದ್ದು ಹೋಗಿ ಹತ್ತುಗಳ ಜೊತೆ ಸೇರಬೇಕು. ದಶಕ ತೆಗೆದುಕೊಳ್ಳುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಬೆರಳ ಬಗ್ಗೆ: ನಾನು ಯಾವತ್ತೂ ಮಕ್ಕಳ ಕೈ ಹಿಡಿದು ನಿಲ್ಲಿಸಿದವನಲ್ಲ. ಬಚ್ಚಿಟ್ಟು ಎಣಿಸುವ ಮಗುವಿಗೆ ಲೆಕ್ಕದ ಜೊತೆ ಭಯವೂ ಕಲಿತಂತಾಗುತ್ತದೆ. ಟೀಚರ್ ಹತ್ತಿರ ಒಮ್ಮೆ ಮಾತಾಡಿ, ಈ ಚುಕ್ಕಿ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಓಲೆಗರಿ

ಇದನ್ನು ವೇದಗಣಿತ ಅನ್ನಬಹುದೇ ಅನ್ನುವ ಬಗ್ಗೆ ಒಂದು ಮಾತು, ಯಾಕೆಂದರೆ ಮಗು ನಾಳೆ ಅದನ್ನೂ ಕೇಳುತ್ತದೆ. ಆ ಹೆಸರಿನ ಪುಸ್ತಕ ಬರೆದವರು ಪುರಿಯ ಗೋವರ್ಧನ ಪೀಠದ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರು. ಅವರು 1960ರಲ್ಲಿ ತೀರಿಕೊಂಡರು, ಪುಸ್ತಕ ಅಚ್ಚಾದದ್ದು 1965ರಲ್ಲಿ. ಅದರಲ್ಲಿ 16 ಸೂತ್ರಗಳಿವೆ. ಅಥರ್ವವೇದದವು ಎನ್ನಲಾದ ಅವು ಈಗ ಗೊತ್ತಿರುವ ಅಥರ್ವವೇದದ ಪರಿಶಿಷ್ಟಗಳಲ್ಲಿ (ಅನುಬಂಧಗಳಲ್ಲಿ) ಸಿಗುವುದಿಲ್ಲ. ಪುಸ್ತಕದ ಸಂಪಾದಕರೇ ಮುನ್ನುಡಿಯಲ್ಲಿ ಹಾಗೆಂದಿದ್ದಾರೆ. ಮುಷ್ಟಿಯ ಈ ಗುಣಾಕಾರವನ್ನು ಫ್ರಾನ್ಸಿನ ಓವೆರ್ನ್ ಸೀಮೆಯ ರೈತರೂ ಮಾಡುತ್ತಿದ್ದರು. ಹತ್ತು ಬೆರಳಿರುವ ಕಡೆಯೆಲ್ಲ ಹುಟ್ಟಬಹುದಾದ ಲೆಕ್ಕ ಇದು.

ಹಳೆಯದು ಬೇಕಾದರೆ ನಮ್ಮಲ್ಲಿ ನಿಜಕ್ಕೂ ಹಳೆಯದಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ 139 × 109 ಇದೆ, ಉತ್ತರ 15151. ಹಿಂದೆ ಮುಂದೆ ಒಂದೇ ಥರ ಓದುವ ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಭಾಸ್ಕರಾಚಾರ್ಯರು 1150ರಲ್ಲಿ ಲೀಲಾವತಿಯಲ್ಲಿ 135 × 12 ಅನ್ನು ಹಲವು ರೀತಿ ಮಾಡಿ ತೋರಿಸುತ್ತಾರೆ. ಹನ್ನೆರಡನ್ನು 8 ಮತ್ತು 4 ಆಗಿ ಒಡೆಯುತ್ತಾರೆ, ಹತ್ತು ಮತ್ತು ಎರಡಾಗಿ ಒಡೆಯುತ್ತಾರೆ, ಇಪ್ಪತ್ತರಿಂದ ಗುಣಿಸಿ ಎಂಟರಷ್ಟು ಕಳೆಯುತ್ತಾರೆ. ಹೇಗೆ ಒಡೆದರೂ 1620. ಬಾಯಿಲೆಕ್ಕ ಅಂದರೆ ನನಗೆ ಅದೇ, ಸಂಖ್ಯೆಯನ್ನು ನಮಗೆ ಅನುಕೂಲವಾದ ಕಡೆ ಒಡೆಯುವ ಧೈರ್ಯ.

ಬಿಡಿ ಹತ್ತು ನೂರು

ಸೀಮೆಸುಣ್ಣ ಸರ್ ಹೇಳಿದ ಮೂಲೆ ಲೆಕ್ಕ ದೊಡ್ಡ ಸಂಖ್ಯೆಗೂ ಹಾಗೇ ನಡೆಯುತ್ತದೆ. ವೇದಗಣಿತದ ಪುಸ್ತಕದಲ್ಲಿ ಅದರ ಹೆಸರು ನಿಖಿಲಂ. 97 × 96: ನೂರಕ್ಕೆ ಬಾಕಿ 3 ಮತ್ತು 4. 97ರಿಂದ 4 ಕಳೆದರೆ 93, ಬಾಕಿಗಳನ್ನು ಗುಣಿಸಿದರೆ 12. ಉತ್ತರ 9312. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ನಾನು ಇದನ್ನು ಕಲಿತೆ, ಮತ್ತು ನಿಮ್ಮ ಮಗಳು ಬಿದ್ದ ಗುಂಡಿಗೇ ನಾನೂ ಬಿದ್ದೆ. 88 × 89ರಲ್ಲಿ ಬಾಕಿ 12 ಮತ್ತು 11, ಎಡಕ್ಕೆ 77, ಬಲಕ್ಕೆ 132. ನಾನು 77132 ಅಂತ ಗುರುತು ಹಾಕಿದೆ. ಬಲಗಡೆ ಎರಡೇ ಅಂಕಿಗೆ ಜಾಗ, ಮಿಕ್ಕ ಒಂದು ಎಡಕ್ಕೆ ಹೋಗಬೇಕು, 7832. ಇದರ ತದ್ವಿರುದ್ಧ ತಪ್ಪು 98 × 99ರಲ್ಲಿ ಆಗುತ್ತದೆ: 97 ಆದಮೇಲೆ 02 ಅಂತ ಬರೆಯಬೇಕು, ಬರೀ 2 ಅಲ್ಲ.

ಸಂಖ್ಯೆಗಳು ನೂರರ ಹತ್ತಿರ ಇಲ್ಲದಿದ್ದರೆ ಇದನ್ನು ಎಳೆಯಬೇಡಿ. 43 × 67ಕ್ಕೆ ನಾನು ಊರ್ಧ್ವತಿರ್ಯಕ್, ಅಂದರೆ ನೇರಕ್ಕೂ ಅಡ್ಡಕ್ಕೂ ಗುಣಿಸುವುದು, ಮಾಡುತ್ತೇನೆ: ನಾಲ್ಕಾರ್ಲ 24 ನೂರು, ಅಡ್ಡಡ್ಡ ಗುಣಿಸಿದರೆ 28 ಮತ್ತು 18 ಸೇರಿ 46 ಹತ್ತು, ಮೂರೇಳ್ಲ 21 ಬಿಡಿ. 2400, 2860, 2881. ಎಡದಿಂದ ಶುರು ಮಾಡಿದರೆ ತಲೆಯಲ್ಲಿ ಹಿಡಿದುಕೊಳ್ಳುವುದು ಸುಲಭ, ಬಾಯಲ್ಲಿ ಸಂಖ್ಯೆ ಹೇಳುವುದೂ ಎಡದಿಂದಲೇ ತಾನೆ.

ಮಗ್ಗಿ ಅಮ್ಮ

ಎಲ್ಲರಿಗೂ ಮನಸಾರೆ ವಂದನೆ. ನಿನ್ನೆ ಸಂಜೆ ನೂರು ಚುಕ್ಕಿ ಇಟ್ಟೆವು. 7 × 8ರ ಮೂಲೆಗೆ ಎರಡು ಗೀಟು ಬಿದ್ದಿದ್ದನ್ನು ಅವಳೇ ಕಂಡುಹಿಡಿದಳು, "ಅಮ್ಮಾ, ಇವಕ್ಕೆ ಎರಡು ಏಟು ಬಿದ್ದಿದೆ" ಅಂದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ 6 × 7 ಅಂದೆ. ಮೂರು ಬೆರಳು ಬಿಚ್ಚಿದಳು, ಮೂಲೆಯ ಹನ್ನೆರಡು ಚುಕ್ಕಿ ಎಣಿಸಿದಳು, ಅದರಲ್ಲಿ ಹತ್ತಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ಇನ್ನೊಂದು ಬೆರಳು ಬಿಚ್ಚಿದಳು. ನಾಲ್ಕು ಬೆರಳು, ಎರಡು ಚುಕ್ಕಿ. ಆರೇಳ್ಲ ನಲವತ್ತೆರಡು ಅಂತ ನನ್ನ ಮುಖ ನೋಡದೆ ಹೇಳಿದಳು.

ಮಲಗುವ ಹೊತ್ತಿಗೆ ಅವಳದೇ ಒಂದು ಲೆಕ್ಕ ತಂದಳು. ಎರಡೂ ಕೈ ಪೂರ್ತಿ ಬಿಚ್ಚಿ ನನ್ನ ಮುಂದೆ ಹಿಡಿದು, "ಹತ್ತು ಹತ್ಲ ನೋಡು, ಮಡಿಸೋಕೆ ಬೆರಳೇ ಇಲ್ಲ, ಮೂಲೆನೂ ಇಲ್ಲ, ಹತ್ತು ಹತ್ತು ನೂರು" ಅಂದಳು. ಸೋಮವಾರ ಚುಕ್ಕಿ ಹಾಳೆ ತೆಗೆದುಕೊಂಡು ಟೀಚರನ್ನು ನೋಡಲು ಹೋಗುತ್ತಿದ್ದೇವೆ.