ಬಣ್ಣ ಬರುವ ಮೊದಲೇ ನಿದ್ದೆ: ಜಗತ್ತಿನ ಸಿನಿಮಾ ಎಲ್ಲಿಂದ ಶುರು ಮಾಡಿದಿರಿ?

ಕೇಳಿದವರು, ದಾವಣಗೆರೆಯ ಬ್ಯಾಂಕ್ ನೌಕರ:
ಇದುವರೆಗೆ ನೋಡಿದ್ದು ಕನ್ನಡ, ಹಿಂದಿ, ಒಂದಿಷ್ಟು ಮಲಯಾಳಂ. ಗೆಳೆಯನೊಬ್ಬ ನೋಡಲೇಬೇಕಾದ ನೂರು ಚಿತ್ರಗಳ ಪಟ್ಟಿ ಕಳಿಸಿದ. ಅದರಲ್ಲಿ ಮೊದಲು ಸಿಕ್ಕಿದ್ದು ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಸ್ಟಾಕರ್’. ಮೂರು ರಾತ್ರಿ ಕೂತೆ. ಆ ಮೂವರು ಗಂಡಸರು ರೈಲು ಹಳಿಯ ಟ್ರಾಲಿ ಹತ್ತಿ ಹೊರಟರೆ ಸಾಕು, ನನಗೆ ನಿದ್ದೆ. ಕೊರತೆ ನನ್ನಲ್ಲೇ ಇದೆಯೇ? ನೀವೆಲ್ಲ ಎಲ್ಲಿಂದ ಶುರು ಮಾಡಿದಿರಿ?

ಶಿವಮೊಗ್ಗದ ನಿವೃತ್ತ ಶಿಕ್ಷಕ:
ನಿಮ್ಮ ದುರದೃಷ್ಟಕ್ಕೆ ನಗು ಬಂತು, ಕ್ಷಮಿಸಿ. ಅಲ್ಲಿಯವರೆಗೆ ಕಂದು ಛಾಯೆಯಲ್ಲಿದ್ದ ಚಿತ್ರ ಟ್ರಾಲಿ ನಿಲ್ಲುವ ಹೊತ್ತಿಗೆ ಹಸಿರಾಗುತ್ತದೆ. ಮೂರು ಸಲವೂ ನೀವು ಬಣ್ಣದ ಹೊಸ್ತಿಲಲ್ಲೇ ಮಲಗಿದ್ದೀರಿ! ಆ ಚಕ್ರದ ಸದ್ದಿಗೆ ನಾನೂ ತೂಕಡಿಸಿದವನೇ.

ನನಗೆ ಬಾಗಿಲು ತೆರೆದದ್ದು ಇರಾನಿನ ಅಬ್ಬಾಸ್ ಕಿಯಾರೊಸ್ತಮಿ. ‘ಗೆಳೆಯನ ಮನೆ ಎಲ್ಲಿದೆ?’ ಎಂಬರ್ಥದ ಹೆಸರಿನ 1987ರ ಚಿತ್ರ. ಮನೆಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆದು ತಂದ ಹುಡುಗನ ಹಾಳೆಯನ್ನು ಮೇಷ್ಟ್ರು ಹರಿಯುತ್ತಾರೆ. ಇನ್ನೊಮ್ಮೆ ಹೀಗಾದರೆ ಶಾಲೆಯಿಂದಲೇ ಹೊರಗೆ. ಅವತ್ತೇ ಅವನ ನೋಟ್‌ಬುಕ್ ತಪ್ಪಿ ಪಕ್ಕದ ಹುಡುಗ ಅಹ್ಮದನ ಚೀಲ ಸೇರಿರುತ್ತದೆ. ಅದನ್ನು ಮುಟ್ಟಿಸಲು ಅಹ್ಮದ್ ಗುಡ್ಡ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ. ಇಡೀ ಕಥೆ ಇಷ್ಟೇ. ಮೂವತ್ತು ವರ್ಷ ಪಾಠ ಹೇಳಿದವನು ನಾನು, ಮಕ್ಕಳ ಹಾಳೆ ಹರಿದದ್ದೂ ಉಂಟು. ಆ ಹುಡುಗ ಬಿಕ್ಕುವುದನ್ನು ನೋಡಿ ಟಿವಿ ಆರಿಸಿ ಅಂಗಳಕ್ಕೆ ಹೋಗಿ ನಿಂತೆ. ಪೂರ್ತಿ ನೋಡಿದ್ದು ಮರುದಿನ.

ಮೈಸೂರಿನ ಗೃಹಿಣಿ:
ನಾನು ಎಲ್ಲರೂ ಬೇಡವೆನ್ನುವ ಕಡೆಯಿಂದ ಒಳಹೊಕ್ಕವಳು. ಬೆಲ್ಜಿಯಂನ ಶಾಂತಾಲ್ ಆಕರ್‌ಮನ್ ಅವರ ‘ಜಾನ್ ಡೀಲ್‌ಮನ್’, 1975ರದು. ಮೂರು ಗಂಟೆ ಇಪ್ಪತ್ತು ನಿಮಿಷ. ವಿಧವೆಯೊಬ್ಬಳ ಮೂರು ದಿನಗಳು: ಅಡುಗೆ, ಪಾತ್ರೆ, ಹಾಸಿಗೆ ಸರಿಪಡಿಸುವುದು, ಮಧ್ಯಾಹ್ನ ಹಣ ಕೊಟ್ಟು ಹೋಗುವ ಗಂಡಸರು. ಅದನ್ನೂ ಅವಳು ಮನೆಗೆಲಸದ ಹಾಗೆಯೇ ಮುಗಿಸುತ್ತಾಳೆ. “ಆಲೂಗಡ್ಡೆ ಸುಲಿಯುವುದನ್ನು ಸಿನಿಮಾದಲ್ಲಿ ಬೇರೆ ನೋಡಬೇಕೇ?” ಎಂದು ನಮ್ಮ ಯಜಮಾನರು ಎದ್ದು ಹೋದರು.

ಎರಡನೆಯ ದಿನ ಆಲೂಗಡ್ಡೆ ಬೆಂದು ಕೆಟ್ಟುಹೋಗುತ್ತದೆ. ಪಾತ್ರೆ ಹಿಡಿದುಕೊಂಡು, ಎಲ್ಲಿಡಬೇಕೆಂದು ತೋಚದೆ, ಅವಳು ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತಾಳೆ. ನನ್ನ ಎದೆ ಧಸಕ್ಕೆಂದಿತು. ಬೆಳಿಗ್ಗೆ ಹಾಲು ಉಕ್ಕಿ ಚೆಲ್ಲಿದರೆ ಆ ದಿನವೆಲ್ಲ ಕೈಗೆ ಯಾವ ಕೆಲಸವೂ ಹತ್ತುವುದಿಲ್ಲ, ನನಗೆ ಗೊತ್ತು. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಇದು ತೆರೆಕಂಡಾಗ ನಿರ್ದೇಶಕಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಆ ವಯಸ್ಸಿಗೆ ಇದೆಲ್ಲ ಹೇಗೆ ತಿಳಿದಿತ್ತೋ! 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರ ಮತಗಣನೆಯಲ್ಲಿ ಇದಕ್ಕೇ ಮೊದಲ ಸ್ಥಾನ ಬಂದಾಗ, ಪತ್ರಿಕೆಯ ತುಣುಕನ್ನು ಯಜಮಾನರ ತಟ್ಟೆಯ ಪಕ್ಕದಲ್ಲಿಟ್ಟೆ.

ನಿಮಗೆ ಇದನ್ನೇ ನೋಡಿ ಎನ್ನುವುದಿಲ್ಲ. ನೀವು ಬಲ್ಲ ಕೆಲಸ ಇರುವ ಚಿತ್ರ ಹುಡುಕಿ. ಬ್ಯಾಂಕಿನವರೆಂದಿರಿ, ಜಪಾನಿನ ಕುರೋಸಾವಾ ಅವರ ‘ಇಕಿರು’ (1952) ಹಾಕಿ. ಕೊಳಚೆ ನೀರು ತೆಗೆಸಿ ಮಕ್ಕಳಿಗೆ ಆಟದ ಮೈದಾನ ಮಾಡಿಕೊಡಿ ಎಂದು ಬಂದ ಹೆಂಗಸರನ್ನು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಅಟ್ಟುವುದನ್ನು ನೋಡಿ, ನಿದ್ದೆ ಬಂದರೆ ಹೇಳಿ.

ಸಾಗರ ಕಡೆಯವನು:
ಕೊರತೆ ಎನ್ನುವ ಮಾತು ಬೇಡ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಹಳ್ಳಿಯ ಜನಕ್ಕೇ ಜಗತ್ತಿನ ಚಿತ್ರಗಳನ್ನು ತೋರಿಸುತ್ತಿತ್ತು. ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ನೋಡಿ ಬಂದ ನಮ್ಮಪ್ಪ, “ಆ ಪುಣ್ಯಾತ್ಮ ಸೈಕಲ್ಲಿಗೆ ಬೀಗ ಹಾಕಬಾರದಿತ್ತೇ?” ಎಂದು ಎರಡು ದಿನ ಗೊಣಗಿದ್ದರಂತೆ. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ:
ಜಪಾನಿನವರೇ ಆದ ಓಜು ಅವರ ‘ಟೋಕಿಯೋ ಸ್ಟೋರಿ’ (1953). ಆದರೆ ಊರಿನಿಂದ ಅಪ್ಪ ಅಮ್ಮ ಬಂದಿರುವ ವಾರ ನೋಡಬೇಡಿ. ಮಕ್ಕಳನ್ನು ನೋಡಲು ಬಂದ ಮುದುಕ ಮುದುಕಿಯನ್ನು, ಬಿಡುವಿಲ್ಲವೆಂದು, ಆ ಮಕ್ಕಳು ಅತಾಮಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಸಾಗಹಾಕುತ್ತಾರೆ. ನಾನು ನಮ್ಮವರಿಗೆ ಮೈಸೂರು ಪ್ರವಾಸದ ಬಸ್ ಟಿಕೆಟ್ ತೆಗೆಸಿಕೊಟ್ಟಿದ್ದೆ. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಮಟ್ಟದಲ್ಲಿ ಅಲುಗಾಡದೆ ಇರುತ್ತದೆ; ನಾನೂ ಆ ಮನೆಯ ನೆಲದ ಮೇಲೆಯೇ ಕೂತಂತೆ, ಎದ್ದು ಹೋಗಲಾಗದಂತೆ. ತಂದೆಯ ಪಾತ್ರದ ಚಿಶು ರ್‍ಯು ಅವರಿಗೆ ಆಗ ಐವತ್ತೂ ಆಗಿರಲಿಲ್ಲ ಎಂದರೆ ನಂಬುವುದು ಕಷ್ಟ.

ಹುಬ್ಬಳ್ಳಿಯಿಂದ:
ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಫ್ರೆಂಚ್ ನಿರ್ದೇಶಕ ಗೊದಾರ್ ಅವರ ಚಿತ್ರ ನಾಲ್ಕು ನೋಡಿದೆ, ನಾಲ್ಕೂ ನನಗೆ ದಕ್ಕಲಿಲ್ಲ, ಐದನೆಯದು ನೋಡುವುದಿಲ್ಲ. ಇನ್ನೊಂದು ಮಾತು: ಊಟವಾದ ಮೇಲೆ ಮಲಗಿಕೊಂಡು ಮೊಬೈಲ್‌ನಲ್ಲಿ ನೋಡಿದರೆ ಯಾರ ಚಿತ್ರಕ್ಕಾದರೂ ನಿದ್ದೆ ಬರುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೂತುಕೊಳ್ಳಿ.

ಕೇಳಿದವರು, ಒಂದು ವಾರದ ಬಳಿಕ:
ಮೇಷ್ಟ್ರೇ, ಇರಾನಿನ ಹುಡುಗನನ್ನು ನೋಡಿದೆ, ಬೆಳಿಗ್ಗೆಯೇ. ತನ್ನ ಬಳಿ ಸಿಗರೇಟ್ ಇದ್ದರೂ, ಶಿಸ್ತು ಕಲಿಯಲೆಂದು ಮೊಮ್ಮಗನನ್ನು ಸಿಗರೇಟ್ ತರಲು ಓಡಿಸುವ ಆ ತಾತನ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ. ಏಳು ವರ್ಷದ ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ತೆರೆಯ ಕೆಳಗೆ ಬರುವ ಅನುವಾದದ ಸಾಲು ಓದುವಷ್ಟು ವೇಗವಿಲ್ಲ, ಪ್ರತಿ ಮಾತನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಹಾಗಾಗಿ ನಿದ್ದೆಗೆ ಅವಕಾಶವೇ ಸಿಗಲಿಲ್ಲ. ಮುಗಿದ ಕೂಡಲೇ ಅವಳು ತನ್ನ ಶಾಲೆಯ ಚೀಲ ತಂದು ಸುರುವಿ, ಬೇರೆಯವರ ನೋಟ್‌ಬುಕ್ ಏನಾದರೂ ಇದೆಯೇ ಎಂದು ಹುಡುಕಿದಳು.