ಪದ ಬೇಕು (ತುರ್ತು): ನವಜಾತ ಶಿಶುವಿನ ಫಿಟ್ಸ್‌ಗೆ ಸೆಳೆತವೋ, ಮೂರ್ಛೆಯೋ?

ಎಂ.ಎಸ್. ಬರೆದದ್ದು:

ಬಳಗಕ್ಕೆ ನಮಸ್ಕಾರ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಮನೆಗೆ ಹೊರಡುವ ತಂದೆತಾಯಿಗೆ ಕೊಡುವ ಎರಡು ಪುಟದ ಹಾಳೆ, ಘಟಕದ ಗೋಡೆಗೆ ಒಂದು ಬೋರ್ಡು. ಎರಡರ ಕನ್ನಡವೂ ಸೋಮವಾರ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಹುಟ್ಟುವಾಗ ಮಿದುಳಿಗೆ ರಕ್ತ, ಆಮ್ಲಜನಕ ಸಾಲದೆ ಮೊದಲ ದಿನವೇ ‘ಸೀಷರ್’ (ಫಿಟ್ಸ್) ಬಂದ ಮಕ್ಕಳ ವಿಷಯ. ಹಳೆಯ ಕರಡಿನಲ್ಲಿರುವ ವಾಕ್ಯ: “ಮೆದುಳಿನ ಪೆಟ್ಟಿನಿಂದ ಮೂರ್ಛೆರೋಗ ಬಂದ ಶಿಶುಗಳಲ್ಲಿ ಬುದ್ಧಿಮಾಂದ್ಯ ಉಂಟಾಗಬಹುದು.” ಇದರಲ್ಲಿ ನನಗೆ ಒಪ್ಪಿಗೆಯಾದ ಪದ ‘ಶಿಶು’ ಒಂದೇ. ಸೀಷರ್ ಅಂತಲೇ ಇಟ್ಟರೆ, ಹೆರಿಗೆ ವಾರ್ಡಿನಲ್ಲಿ ‘ಸೀಜರ್’ ಎಂದರೆ ಹೊಟ್ಟೆ ಕೊಯ್ದು ಮಾಡಿದ ಹೆರಿಗೆ. ಬೇಕಾದ ಪದಗಳು: ಸೀಷರ್, ಸೀಷರ್ ಅಲ್ಲದ ಬರೀ ನಡುಕ, ಮಿದುಳಿಗೆ ಆದ ಹಾನಿ, ಆಮೇಲೆ ಬೆಳವಣಿಗೆಯಲ್ಲಿ ಆಗುವ ತಡ.

ಕೆ.ವಿ.:

ಸೆಳೆತ. ಚರ್ಚೆಗೆ ಏನಿದೆ? ಸೆಳೆ ಧಾತು, ಮೇಲೆ -ತ. ಕುಣಿತ, ಕೊರೆತ, ಇರಿತ ಇದ್ದ ಹಾಗೆ. ‘ನವಜಾತ ಶಿಶು’ ಯಾಕೆ, ಹಸುಗೂಸು ಸತ್ತುಹೋಯಿತೇ? ಇಲ್ಲಿಯ ಹಸು ದನವಲ್ಲ, ಪಸು, ಅಂದರೆ ಎಳೆಯದು; ಹಸುಳೆಯೂ ಅದೇ ಬೇರು. ಇದನ್ನು ‘ಪಶು’ವಿಗೆ ಕಟ್ಟಿಹಾಕುವವರು ಇನ್ನೂ ಇದ್ದಾರೆ, ಅವರಿಗೆ ಉತ್ತರಿಸುವುದಿಲ್ಲ.

ಡಾ. ಎಸ್.ಆರ್.:

ಆರು ತಿಂಗಳ ಮಗುವನ್ನೂ ಹಸುಗೂಸು ಎನ್ನುತ್ತೇವೆ. ನವಜಾತ ಎಂದರೆ ಮೊದಲ 28 ದಿನ. ಬೋರ್ಡಿಗೆ ಅದೇ ಇರಲಿ.

ಸೆಳೆತಕ್ಕೆ ನನ್ನ ತಕರಾರು ಧಾತುವಿನದ್ದಲ್ಲ. ಆ ಪದ ಓದಿದ ತಾಯಿ, ಕೈಕಾಲು ಎಳೆದುಕೊಳ್ಳುವುದನ್ನೇ ಕಾಯುತ್ತಾ ಕೂರುತ್ತಾಳೆ. ದೊಡ್ಡವರ ಹಾಗೆ ಮೈಯೆಲ್ಲ ಸೆಟೆದು ಅದುರುವುದು ಈ ವಯಸ್ಸಿನಲ್ಲಿ ತೀರಾ ಅಪರೂಪ. ನರತಂತುಗಳ ಮಯೆಲಿನ್ ಹೊದಿಕೆ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಹಾಗಾಗಿ ವಿದ್ಯುತ್ತು ಮಿದುಳಿನ ಎರಡೂ ಬದಿಗೆ ಒಟ್ಟಿಗೆ ಹರಡುವುದಿಲ್ಲ. ಕಾಣುವುದು ಏನೆಂದರೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ತುಟಿ ಚಪ್ಪರಿಸುತ್ತದೆ, ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತದೆ, ಒಂದು ಕೈ ಮಾತ್ರ ತಾಳ ಹಿಡಿದಂತೆ ಜಗ್ಗುತ್ತದೆ, ಇಲ್ಲವೇ ಉಸಿರು ನಿಂತು ಮೈ ನೀಲಿಯಾಗುತ್ತದೆ. ಎಷ್ಟೋ ಸಲ ಏನೂ ಕಾಣುವುದಿಲ್ಲ, ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ. ಫಿಟ್ಸ್ ನಿಲ್ಲಿಸುವ ಔಷಧಿ ಫಿನೋಬಾರ್ಬಿಟೋನ್ ಕೊಟ್ಟ ಮೇಲೆ ಮೈಯ ಅಲುಗಾಟ ನಿಂತು ಒಳಗೆ ವಿದ್ಯುತ್ತಿನ ಗಲಾಟೆ ನಡೆದೇ ಇರುವುದೂ ಉಂಟು. ಅಂತರರಾಷ್ಟ್ರೀಯ ಅಪಸ್ಮಾರ (ಮೂರ್ಛೆರೋಗ) ವಿರೋಧಿ ಲೀಗ್ 2021ರಲ್ಲಿ ಪ್ರಕಟಿಸಿದ ನವಜಾತರ ವರ್ಗೀಕರಣ ಇಇಜಿಯನ್ನೇ ಆಧಾರ ಮಾಡಿಕೊಂಡಿದೆ, ಕಣ್ಣಿಗೆ ಬೀಳದ್ದನ್ನೂ ಸೀಷರ್ ಎಂದೇ ಎಣಿಸುತ್ತದೆ. ಅದನ್ನು ‘ಸೆಳೆತ’ ಅನ್ನುವುದು ಹೇಗೆ?

ಮೂರ್ಛೆಯಂತೂ ಬೇಡವೇ ಬೇಡ. ಎರಡು ದಿನದ ಮಗುವಿನ ಎಚ್ಚರ ತಪ್ಪಿತೋ ಇಲ್ಲವೋ ಅಂತ ಯಾರು ಅಳೆಯುತ್ತಾರೆ?

ನಡುಕಕ್ಕೆ ‘ನಡುಕ’ವೇ ಸಾಕು, ವ್ಯತ್ಯಾಸ ಮಾತ್ರ ಬೋರ್ಡಿನಲ್ಲಿ ಬರಲಿ: ಅದುರುವ ಕೈಯನ್ನು ಮೆಲ್ಲಗೆ ಹಿಡಿದು ಮಡಚಿದರೆ ನಡುಕ ನಿಲ್ಲುತ್ತದೆ, ಫಿಟ್ಸ್ ನಿಲ್ಲುವುದಿಲ್ಲ, ಹಿಡಿದ ಬೆರಳಿಗೆ ಒಳಗಿನ ಜಗ್ಗಾಟ ತಾಗುತ್ತಲೇ ಇರುತ್ತದೆ. ನಡುಕದಲ್ಲಿ ಕಣ್ಣು ಒಂದು ಕಡೆ ವಾಲುವುದಿಲ್ಲ. ಆದರೆ ನಡುಕ ಎಂದು ಗೊತ್ತಾದ ಮಾತ್ರಕ್ಕೆ ಸುಮ್ಮನಿರುವಂತಿಲ್ಲ, ಸಕ್ಕರೆ ಇಳಿದಾಗಲೂ ಮಗು ನಡುಗುತ್ತದೆ.

ಜಿ.ಎಚ್.:

ಮಾನ್ಯರೇ, ನಮ್ಮಲ್ಲಿ ಪದವಿಲ್ಲ ಎಂದು ಕೊರಗುವ ಮೊದಲು ಒಂದು ಮಾತು. ಇಂಗ್ಲಿಷಿನ ಆ ಪದಕ್ಕೆ ಮೂಲದಲ್ಲಿ ‘ಹಿಡಿಯುವುದು’ ಎಂದರ್ಥ. ಗ್ರೀಕರ ಎಪಿಲೆಪ್ಸಿಯೂ ಅದೇ. ಸಂಸ್ಕೃತದ ‘ಗ್ರಹ್’ ಕೂಡ ಅದೇ. ನಮ್ಮ ‘ಬಾಲಗ್ರಹ’ ಅಕ್ಷರಶಃ ಇದೇ ಕಲ್ಪನೆ. ಕನ್ನಡದ ಹಳ್ಳಿಹಳ್ಳಿಗೂ ಗೊತ್ತಿರುವ ಪದ ಬಿಟ್ಟು ‘ಫಿಟ್ಸ್’ ಎನ್ನುವ ದಾರಿದ್ರ್ಯ ಯಾಕೆ?

ಡಾ. ಎಸ್.ಆರ್.:

ಗೊತ್ತಿರುವುದೇ ತೊಂದರೆ, ರಾಯರೇ. ಬಾಲಗ್ರಹ ಎಂದು ಆಸ್ಪತ್ರೆಯ ಹಾಳೆಯೇ ಹೇಳಿದರೆ ಮುಂದಿನ ದಾರಿ ತಾಯಿತ, ಅದೂ ಸಾಲದಿದ್ದರೆ ಹೊಟ್ಟೆಗೆ ಬರೆ. ಬೇರು ಚೆನ್ನಾಗಿದೆ, ಹಣ್ಣು ವಿಷ.

ಈಗ ‘ಮೂರ್ಛೆರೋಗ’ಕ್ಕೆ ಬರೋಣ, ಹಳೆಯ ಕರಡಿನ ದೊಡ್ಡ ತಪ್ಪು ಅದೇ. ಮಿದುಳಿಗೆ ಆಗಷ್ಟೇ ಹಾನಿಯಾದಾಗ ಕೆರಳಿ ಬರುವ ಫಿಟ್ಸ್ ಒಂದು. ಆಮೇಲೆ ತಾನಾಗಿ ಮರುಕಳಿಸುವ ರೋಗ ಇನ್ನೊಂದು. ಮೊದಲನೆಯದು ಬಹುತೇಕ 24 ಗಂಟೆಯೊಳಗೆ ಶುರುವಾಗಿ ಕೆಲವೇ ದಿನಗಳಲ್ಲಿ ತಣ್ಣಗಾಗುತ್ತದೆ. ಹೀಗೆ ನಿಂತವರಿಗೆ ಮನೆಗೆ ಕಳಿಸುವ ಮೊದಲೇ ಔಷಧಿ ನಿಲ್ಲಿಸಬೇಕೆಂದು ಅದೇ ಲೀಗಿನ 2023ರ ಮಾರ್ಗಸೂಚಿ ಹೇಳುತ್ತದೆ. ‘ರೋಗ’ ಎಂದು ಬರೆದರೆ ಮನೆಯವರು ಅಂಗಡಿಯಿಂದ ತಂದು ಹಾಕುತ್ತಲೇ ಇರುತ್ತಾರೆ, ಹೆಣ್ಣುಮಗುವಾದರೆ ಆ ಪದ ಮದುವೆ ಮಾತುಕತೆಯವರೆಗೂ ಹಿಂಬಾಲಿಸುತ್ತದೆ.

ಕೆಲವರಿಗೆ ಮುಂದೆ ಮೂರ್ಛೆರೋಗ ಬರುವುದು ನಿಜ. ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರಬೇಕಾದ್ದು ಅದರ ಒಂದು ಬಗೆ: ಸುಮಾರು 3ರಿಂದ 8 ತಿಂಗಳ ನಡುವೆ, ನಿದ್ದೆಯಿಂದ ಎದ್ದ ಹೊತ್ತಿಗೆ, ತಲೆ ಮುಂದಕ್ಕೆ ಬಾಗಿ ಎರಡೂ ಕೈ ಚಾಚಿ ಕ್ಷಣಕಾಲ ಬಿಗಿಯುವುದು. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಸಾಲುಸಾಲಾಗಿ. ಮನೆಯಲ್ಲಿ ಇದನ್ನು ‘ಬೆಚ್ಚಿಬೀಳುತ್ತೆ’, ‘ಹೊಟ್ಟೆನೋವು’, ‘ದೃಷ್ಟಿ’ ಎಂದು ವಾರಗಟ್ಟಲೆ ಬಿಟ್ಟಿರುತ್ತಾರೆ. ತಡವಾದಷ್ಟೂ ಕಲಿತಿದ್ದ ನಗು, ನೋಟ ಹಿಂದೆ ಸರಿಯುತ್ತದೆ. “ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅದೇ ದಿನ ಬನ್ನಿ” ಎಂದು ಬರೆಯಿರಿ. ಪಾರಿಭಾಷಿಕ ಪದವೇ ಬೇಡ.

ಕೆ.ವಿ.:

ವೈದ್ಯರ ವಾದದ ಪ್ರಕಾರ ಕನ್ನಡದ ಯಾವ ಪದವೂ ಆಗದು, ಇಂಗ್ಲಿಷಿನದ್ದು ಮಾತ್ರ ಎಲ್ಲಕ್ಕೂ ಆದೀತು. ‘ಫಿಟ್ಸ್’ನಲ್ಲಿ ಕಾಣದ ಇಇಜಿ ಎಲ್ಲಿ ಅಡಗಿದೆಯಂತೆ?

ಇನ್ನೊಂದು. ಹಳೆಯ ಕರಡಿನಲ್ಲಿ ‘ಮೆದುಳು’. ಮಿದುಳು ಎಂದು ತಿದ್ದಿ.

ಎನ್.ಬಿ.:

ಮೆದುಳು ಪಠ್ಯಪುಸ್ತಕದಲ್ಲೂ ಪತ್ರಿಕೆಯಲ್ಲೂ ಇದೆ. ಮಿದು, ಮೆದು ಎರಡೂ ಇರುವ ಭಾಷೆಯಲ್ಲಿ ಇದೊಂದು ಜಗಳವೇ? ‘ಪೆಟ್ಟು’ ಮಾತ್ರ ಖಂಡಿತ ತೆಗೆಯಿರಿ. ಮಿದುಳಿಗೆ ಪೆಟ್ಟು ಎಂದ ಕೂಡಲೇ “ಯಾರು ಬೀಳಿಸಿದರು?” ಎಂಬ ಪ್ರಶ್ನೆ ಬರುತ್ತದೆ, ಸೂಲಗಿತ್ತಿ, ನರ್ಸು, ಸೊಸೆ, ಯಾರ ಮೇಲಾದರೂ ಗೂಬೆ ಕೂರುತ್ತದೆ. ಹಾನಿ ಎನ್ನಿ, ಕಾರಣ ಜೊತೆಗೇ ಹೇಳಿ: “ಹುಟ್ಟುವ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಮಿದುಳಿಗೆ ಆದ ಹಾನಿ”. ಮನೆಯವರು ಹೇಳುವುದು “ಹುಟ್ಟಿದ ತಕ್ಷಣ ಅಳಲಿಲ್ಲ” ಎಂದು. ಆ ಮಾತನ್ನೂ ಸೇರಿಸಿದರೆ ಇದು ತಮ್ಮ ಮಗುವಿನ ಸಂಗತಿ ಎಂದು ಗೊತ್ತಾಗುತ್ತದೆ.

‘ಇಂದ’ ಪ್ರತ್ಯಯದ ಮೇಲೂ ಕಣ್ಣಿಡಿ. ಹಳೆಯ ವಾಕ್ಯದಲ್ಲಿ ಮೂರ್ಛೆಯೇ ಮುಂದಿನದ್ದಕ್ಕೆಲ್ಲ ಕಾರಣ ಎಂಬಂತಿದೆ. ಹಾನಿಯಿಂದ ಫಿಟ್ಸ್, ಹಾನಿಯಿಂದಲೇ ಬೆಳವಣಿಗೆಯ ತೊಂದರೆ.

ಡಾ. ಎಸ್.ಆರ್.:

ಸರಿ. ಫಿಟ್ಸ್ ಹೆಚ್ಚು ಹೊತ್ತು ಇದ್ದ ಮಕ್ಕಳಲ್ಲಿ ಮುಂದಿನ ತೊಂದರೆಯೂ ಹೆಚ್ಚು. ಅದರಲ್ಲಿ ಫಿಟ್ಸ್‌ನದೇ ಪಾಲೆಷ್ಟು, ಹಾನಿಯ ಪಾಲೆಷ್ಟು ಎಂಬ ಚರ್ಚೆ ನಮ್ಮಲ್ಲೇ ಮುಗಿದಿಲ್ಲ. “ಫಿಟ್ಸ್‌ನಿಂದ” ಎಂದು ಹಾಳೆಯಲ್ಲಿ ತೀರ್ಪು ಕೊಡುವುದು ಬೇಡ.

ಪಿ.ಎನ್.:

ಯಾರೂ ಮುಟ್ಟದ ಪದ ‘ಬೆಳವಣಿಗೆ’. ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸುವ ಶೀಘ್ರ ಪತ್ತೆ ಕೇಂದ್ರಗಳಲ್ಲಿ ದಿನಾ ಎಡವುವುದು ಇಲ್ಲೇ. ತೂಕ ಏರುವುದೂ ಬೆಳವಣಿಗೆ, ಕತ್ತು ನಿಲ್ಲುವುದೂ ಬೆಳವಣಿಗೆ. “ಬೆಳವಣಿಗೆ ನೋಡಲು ಬನ್ನಿ” ಎಂದರೆ, “ಮಗು ಗುಂಡುಗುಂಡಾಗಿದೆಯಲ್ಲ” ಎಂದು ಬರುವುದೇ ಇಲ್ಲ. ‘ವಿಕಾಸ’ ಬರೆದರೆ ಓದಿದವರಿಗೂ ಬ್ಯಾಂಕಿನ ಯೋಜನೆಯ ಹಾಗೆ ಕೇಳುತ್ತದೆ. “ನೋಡುವುದು, ಕೇಳುವುದು, ಆಡುವುದು, ಕೂರುವುದು ಕಲಿಯುತ್ತಿದೆಯೇ” ಎಂದು ಬಿಡಿಸಿ ಬರೆಯಿರಿ. 2 ತಿಂಗಳಿಗೆ ಮುಖ ನೋಡಿ ನಗು, 4ಕ್ಕೆ ಕತ್ತು, 8–9ಕ್ಕೆ ಆಸರೆಯಿಲ್ಲದೆ ಕೂರುವುದು. 4 ತಿಂಗಳಾದರೂ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಬಿಗಿದೇ ಇದ್ದರೆ ತೋರಿಸಬೇಕು. ವರ್ಷದೊಳಗೇ ಒಂದೇ ಕೈ ಬಳಸಿದರೆ “ಎಡಚ” ಎಂದು ನಗುತ್ತಾರೆ, ಅದು ಇನ್ನೊಂದು ಕೈಯ ಬಲ ಕಡಿಮೆಯೆಂಬ ಸೂಚನೆ ಇರಬಹುದು. ಕಿವಿ ಕೇಳುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ, ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆ, ಇವೂ ಬರಲಿ.

ಬುದ್ಧಿಮಾಂದ್ಯ ಹೊಡೆದುಹಾಕಿ. ಅಪಮಾನದ ಮಾತು ಒತ್ತಟ್ಟಿಗಿರಲಿ, ಅದು ತಪ್ಪು ಕೂಡ. ಮಿದುಳಿನ ಆಳದ ನರಗಂಟುಗಳಿಗೆ (ಬೇಸಲ್ ಗ್ಯಾಂಗ್ಲಿಯಾ) ಹಾನಿಯಾದ ಮಗುವಿಗೆ ಕೈಕಾಲು ಹತೋಟಿಗೆ ಬರದಿದ್ದರೂ ಬುದ್ಧಿ ಚುರುಕಾಗಿರಬಹುದು.

ಜಿ.ಎಚ್.:

ಎಲ್ಲವನ್ನೂ “ಬಿಡಿಸಿ ಬರೆಯಿರಿ” ಎಂದರೆ ಪರಿಭಾಷೆ ಬೆಳೆಯುವುದು ಯಾವಾಗ? ಎರವಲಿಗೆ ಒಂದು ಮಿತಿ ಬೇಡವೇ?

ಎನ್.ಬಿ.:

‘ಆಸ್ಪತ್ರೆ’ ಯಾವ ಧಾತುವಿನಿಂದ ಬಂತು ಹೇಳಿ, ಆಮೇಲೆ ಮಿತಿ ಹಾಕೋಣ.

ಕೆ.ವಿ.:

ಆಸ್ಪತ್ರೆ ಕನ್ನಡದ ಬಾಯಿಗೆ ಬಗ್ಗಿ ಬಂದಿದೆ. ಫಿಟ್ಸ್ ಬಗ್ಗಿಲ್ಲ. ಕೊನೆಯಲ್ಲಿ ಎರಡು ವ್ಯಂಜನ, ಸ್ವರ ಇಲ್ಲ.

ಎನ್.ಬಿ.:

“ಫಿಟ್ಸು ಬಂತು” ಎಂದು ಯಾವ ಅಜ್ಜಿಯೂ ಹೇಳುತ್ತಾಳೆ. ಬಗ್ಗಿದೆ.

ಡಾ. ಎಸ್.ಆರ್.:

ಬೋರ್ಡು ನರ್ಸುಗಳಿಗೆ, ಅಲ್ಲಿ ಔಷಧಿಯ ಹೆಸರು ಅನುವಾದಿಸಬೇಡಿ. ಕ್ರಮ ಮುಖ್ಯ: ಮೊದಲು ಉಸಿರು, ಮೈ ಬಿಸುಪು, ರಕ್ತನಾಳಕ್ಕೆ ಸೂಜಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 40 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ 10% ಡೆಕ್ಸ್‌ಟ್ರೋಸ್, ಕೆ.ಜಿ.ಗೆ 2 ಮಿ.ಲೀ. ಕ್ಯಾಲ್ಸಿಯಂ ಕಡಿಮೆಯಿದ್ದರೆ 10% ಗ್ಲುಕೊನೇಟ್ ಕೆ.ಜಿ.ಗೆ 2 ಮಿ.ಲೀ., ಅಷ್ಟೇ ಇಂಜೆಕ್ಷನ್ ನೀರು ಬೆರೆಸಿ, ನಿಧಾನವಾಗಿ, ಹೃದಯದ ಬಡಿತ ನೋಡುತ್ತಾ. ನಾಳದ ಹೊರಗೆ ಸೋರಿದರೆ ಚರ್ಮ ಸುಟ್ಟುಹೋಗುತ್ತದೆ. ಆಮೇಲೂ ನಿಲ್ಲದಿದ್ದರೆ ಫಿನೋಬಾರ್ಬಿಟೋನ್ ಕೆ.ಜಿ.ಗೆ 20 ಮಿ.ಗ್ರಾಂ., ಸುಮಾರು 20 ನಿಮಿಷದಲ್ಲಿ. 3 ಕೆ.ಜಿ. ಮಗುವಿಗೆ 60 ಮಿ.ಗ್ರಾಂ.; ಮಿ.ಲೀ.ಗೆ 200 ಮಿ.ಗ್ರಾಂ. ಇರುವ ಆಂಪ್ಯೂಲಿನಿಂದ 0.3 ಮಿ.ಲೀ. ಮಾತ್ರ. ಹಾಗಾಗಿ ‘ಮಿ.’ ಎಂದು ಮೊಟಕು ಮಾಡಿ ಬಿಡಬೇಡಿ. ಗ್ರಾಮೋ ಲೀಟರೋ ಪೂರ್ತಿ ಕಾಣಬೇಕು.

ಎಂ.ಎಸ್.:

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ. ಬೋರ್ಡಿನ ತಲೆಬರಹ: “ನವಜಾತ ಶಿಶುವಿಗೆ ಫಿಟ್ಸ್: ಮೊದಲು ಮಾಡಬೇಕಾದ್ದು”. ಹಾಳೆಯ ಮೊದಲ ವಾಕ್ಯ: “ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳಿಗೆ ಹಾನಿಯಾದ ಮಕ್ಕಳಿಗೆ ಮೊದಲ ದಿನಗಳಲ್ಲಿ ಫಿಟ್ಸ್ (ಸೆಳೆತ) ಬರಬಹುದು. ಇದು ಮೂರ್ಛೆರೋಗವಲ್ಲ. ಮಗು ನೋಡುವುದು, ಕೇಳುವುದು, ಕೂರುವುದು, ಮಾತಾಡುವುದು ಕಲಿಯುವುದರಲ್ಲಿ ತಡವಾಗುತ್ತಿದೆಯೇ ಎಂದು 2 ವರ್ಷದವರೆಗೆ ಕರೆದಾಗಲೆಲ್ಲ ತೋರಿಸಿ.”

ಕೆ.ವಿ.:

ಸೆಳೆತ ಆವರಣದ ಹೊರಗೆ, ಫಿಟ್ಸ್ ಒಳಗೆ ಇರಬೇಕಿತ್ತು.

ಎನ್.ಬಿ.:

ಬೇಡ. ಎಂ.ಎಸ್. ಅವರೇ, ‘ಫ’ ಕೆಳಗೆ ಎರಡು ಚುಕ್ಕಿ ಹಾಕಿದ್ದರೆ ತೆಗೆಯಿರಿ, ಬೋರ್ಡು ಕತ್ತರಿಸುವವರ ಹಳೆಯ ಫಾಂಟುಗಳಲ್ಲಿ ಅದು ಚೌಕವಾಗಿ ಬರುತ್ತದೆ.