ಮಿಸ್ಸಿಂಗ್, ಸರ್ಜಿಂಗ್, ಹಂಟಿಂಗ್: ಹಳೆಯ ಕಾರಿನ ಕಾಯಿಲೆಗಳಿಗೆ ಕನ್ನಡದ ಮಾತು

ಪ್ರಶ್ನೆ: ಐಟಿಐ ಹುಡುಗರಿಗಾಗಿ ಹಳೆಯ ಪೆಟ್ರೋಲ್ ಕಾರುಗಳ ದುರಸ್ತಿಯ ಕೈಪಿಡಿಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಹಾಸನದ ಗ್ಯಾರೇಜುಗಳಲ್ಲಿ ಎಂಜಿನ್ ಯಾವ ರೀತಿ ಕಾಟ ಕೊಟ್ಟರೂ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಅನ್ನುತ್ತಾರೆ. ಮಿಸ್‌ಫೈರ್‌ಗೆ (ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದಕ್ಕೆ) ‘ದಹನ ವೈಫಲ್ಯ’, ಸರ್ಜಿಂಗ್‌ಗೆ (ಎಂಜಿನ್ ವೇಗ ತಾನಾಗಿ ಏರಿಳಿಯುವುದಕ್ಕೆ) ‘ಉಲ್ಬಣ’ ಎಂದು ಬರೆದರೆ ಸರಿಹೋದೀತೇ? ಸರ್ಜಿಂಗ್, ಹಂಟಿಂಗ್ ಎರಡೂ ಒಂದೇನಾ?

ಉತ್ತರ: ‘ಉಲ್ಬಣ’ ಬೇಡವೇ ಬೇಡ ಸರ್. ರೋಗ ಉಲ್ಬಣಿಸಿತು ಎಂದರೆ ಜೋರಾಯಿತು ಎಂದಷ್ಟೇ ಆಯಿತು. ಏರಿದ್ದು ಇಳಿದು ಮತ್ತೆ ಏರುವುದು ಅದರಲ್ಲಿ ಬರುವುದಿಲ್ಲ. ‘ದಹನ ವೈಫಲ್ಯ’ ತಪ್ಪಲ್ಲ, ಆದರೆ ಅದನ್ನು ಇಟ್ಟುಕೊಂಡು ‘ಎರಡನೇ ಸಿಲಿಂಡರ್ ಏನು ಮಾಡ್ತಿದೆ’ ಎಂಬ ಪ್ರಶ್ನೆಗೆ ಉತ್ತರ ಹೇಳಲಾಗದು. ಹದ ತಪ್ಪು, ತಾಳ ತಪ್ಪು ಇರುವಂತೆ ‘ಉರಿ ತಪ್ಪು’ ಎನ್ನಬಹುದು. ‘ಎರಡನೇ ಸಿಲಿಂಡರ್ ಉರಿ ತಪ್ಪುತ್ತಿದೆ’ ಎಂದರೆ ಹುಡುಗನಿಗೆ ಕೂಡಲೇ ಗೊತ್ತಾಗುತ್ತದೆ. ನಾಮಪದ ಬೇಕಾದಲ್ಲಿ ಮಿಸ್ಸಿಂಗ್ ಇರಲಿ, ಅದು ಊರಿನ ಮಾತೇ ಆಗಿಹೋಗಿದೆ.

ಪದಗಳನ್ನು ಬೇರೆ ಮಾಡಲೇಬೇಕು, ಏಕೆಂದರೆ ಹುಡುಕಬೇಕಾದ ಜಾಗ ಬೇರೆ. ಉರಿ ತಪ್ಪುವುದು ಒಂದೇ ಸಮನೆ, ಲೆಕ್ಕ ಹಾಕಿದಂತೆ ಬಂದರೆ ದೋಷ ಒಂದು ಸಿಲಿಂಡರಿನದು. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಅದಕ್ಕೊಂದು ಹಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಡಬೇಕು. ಆಮೇಲೆ ಸ್ಟಾರ್ಟ್ ಮಾಡಿ ಸದ್ದು ಕೇಳಬೇಕು. ಹೀಗೆ ಒಂದೊಂದಾಗಿ ನೋಡುತ್ತ ಹೋದಾಗ, ಯಾವ ವೈರ್ ತೆಗೆದರೂ ಎಂಜಿನ್ನಿನ ಓಟ ಇನ್ನಷ್ಟು ಕೆಡುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ವೈರನ್ನು ಗಾಳಿಯಲ್ಲಿ ತೂಗುಬಿಡಬಾರದು, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಸುಡುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಭಾಗ) ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಕೆಲವೇ ಸೆಕೆಂಡಿಗೆ ಮುಗಿಸಬೇಕು. ಉರಿಯದ ಪೆಟ್ರೋಲ್ ಒಳಗೆ ಹೋಗಿ ಅದನ್ನು ಕೆಡಿಸುತ್ತದೆ.

ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ. ದೋಷವೂ ಜೊತೆಗೇ ಹೋದರೆ ಪ್ಲಗ್. ಅಲ್ಲೇ ಉಳಿದರೆ ವೈರ್, ಕ್ಯಾಪ್ (ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ), ಕೊನೆಗೆ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ). ಪ್ಲಗ್ಗಿನ ಬಣ್ಣ ನೋಡದೆ ಒರೆಸಬೇಡಿ. ಒಣಗಿದ ಕರಿ ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಎಣ್ಣೆಯ ಜಿಡ್ಡು ಎಂದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಬರುತ್ತಿಲ್ಲ. ವೈರ್ ಅದಲುಬದಲಾದರೂ ಇದೇ ಕಾಟ: ಅಂಬಾಸಿಡರ್, ಪದ್ಮಿನಿ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಿಡಿಯ ಸರದಿ 1-3-4-2, ಮೂರು ಸಿಲಿಂಡರಿನ ಮಾರುತಿ 800ರಲ್ಲಿ 1-3-2.

ಕ್ರಮವಿಲ್ಲದೆ ಅಲ್ಲೊಮ್ಮೆ ಇಲ್ಲೊಮ್ಮೆ ಉರಿ ತಪ್ಪಿದರೆ ಎಲ್ಲ ಸಿಲಿಂಡರಿಗೂ ಸೇರಿದ ಭಾಗಗಳನ್ನು ನೋಡಬೇಕು: ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ಅದರ ಜೊತೆಗಿನ ಕಂಡೆನ್ಸರ್, ಕ್ಯಾಪಿನೊಳಗೆ ತಿರುಗುವ ರೋಟರ್, ಕಾಯಿಲ್. ಪಾಯಿಂಟ್ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಅದು ಜಾಸ್ತಿಯಾದರೆ ವೇಗದಲ್ಲಿ ಕಿಡಿ ಸೊರಗುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಮಿಸ್ಸಿಂಗ್ ಎನ್ನುವವರ ಮಾತನ್ನು ತಳ್ಳಿಹಾಕಬೇಡಿ. ಭಾರ ಬಿದ್ದಾಗ ಸಿಲಿಂಡರಿನ ಒತ್ತಡ ಹೆಚ್ಚಿ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಬಿರುಕು ಬಿಟ್ಟ ಕ್ಯಾಪ್, ಹಳೇ ವೈರ್ ಆಗ ಕರೆಂಟನ್ನು ಸೋರಿಸುತ್ತವೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಇದು ಇನ್ನೂ ಹೆಚ್ಚು. ಕತ್ತಲಲ್ಲಿ ಬಾನೆಟ್ ಎತ್ತಿ ವೈರುಗಳ ಮೇಲೆ ನೀರಿನ ತುಂತುರು ಚಿಮುಕಿಸಿದರೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಆಗ ಯಾವುದನ್ನೂ ಕೈಯಲ್ಲಿ ಮುಟ್ಟಕೂಡದು.

ಇನ್ನು ಸರ್ಜಿಂಗ್. ಆಕ್ಸಿಲರೇಟರ್ ಅಲ್ಲಾಡಿಸದಿದ್ದರೂ ಎಂಜಿನ್ ತಾನಾಗಿ ಏರಿ, ಇಳಿದು, ಮತ್ತೆ ಏರುವುದು. ಇದಕ್ಕೆ ‘ಏರಿಳಿತ’ ಸಾಕು: ‘ಐಡ್ಲಿಂಗ್‌ನಲ್ಲಿ ಏರಿಳಿಯುತ್ತಿದೆ’ (ಐಡ್ಲಿಂಗ್ ಎಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನಕ್ಕೆ ಓಡುವುದು). ‘ರೇಸ್ ಆಗ್ತಿದೆ’ ಬೇರೆ ಮಾತು, ಅದು ಏರಿದ್ದು ಇಳಿಯದೇ ನಿಲ್ಲುವುದು. ಕೇಬಲ್ ಸಿಕ್ಕಿಕೊಂಡಾಗ ಆಗುವಂಥದು. ಏರಿಳಿತಕ್ಕೆ ಬಹಳ ಸಲ ಕಾರಣ ಪೆಟ್ರೋಲ್ ಸಾಲದಿರುವುದು ಅಥವಾ ಕಳ್ಳಗಾಳಿ, ಅಂದರೆ ಸಂದಿನಿಂದ ಒಳನುಗ್ಗುವ ಹೆಚ್ಚುವರಿ ಗಾಳಿ. ಕಾರ್ಬುರೇಟರ್ ಗಾಡಿಯಲ್ಲಿ ಚೋಕನ್ನು (ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಗುಂಡಿ) ಒಂದಿಷ್ಟೇ ಎಳೆಯಿರಿ: ಓಟ ಸಮವಾದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿದೆ ಎಂದು ಖಾತ್ರಿ. ಆಮೇಲೆ ಐಡ್ಲಿಂಗ್ ಜೆಟ್, ಕಾರ್ಬುರೇಟರ್ ಅಡಿಯ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಇದ್ದರೆ ಅದಕ್ಕೆ ಹೋಗುವ ಪೈಪ್ ನೋಡಿ. ಗಾಳಿ ಎಳೆಯುವ ಜಾಗಕ್ಕೆ ಸೋಪಿನ ನೀರು ಚಿಮುಕಿಸಿದರೆ ಸದ್ದು ಬದಲಾಗುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸವನ್ನು ದಯವಿಟ್ಟು ಕೈಪಿಡಿಯಲ್ಲಿ ಬರೆಯಬೇಡಿ, ಬೆಂಕಿ ಹತ್ತುತ್ತದೆ.

ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಯಲ್ಲಿ ಕಳ್ಳಗಾಳಿ ನುಗ್ಗಿದರೆ ಥ್ರಾಟಲ್ (ಆಕ್ಸಿಲರೇಟರ್ ತೆರೆಯುವ ಗಾಳಿಯ ಬಾಗಿಲು) ಮುಚ್ಚಿದ್ದರೂ ಆರ್‌ಪಿಎಂ ಏರುತ್ತದೆ. ಅದು ಮಿತಿ ದಾಟಿತೆಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸುತ್ತದೆ, ಆರ್‌ಪಿಎಂ ಬೀಳುತ್ತದೆ, ಮತ್ತೆ ಪೆಟ್ರೋಲ್ ಬಿಡುತ್ತದೆ. ಏರಿಳಿತಕ್ಕೆ ಆ ಲಯ ಬರುವುದು ಹೀಗೆ. ಮಸಿ ಹಿಡಿದ ಐಡಲ್ ಏರ್ ವಾಲ್ವ್ ಇದ್ದರೂ ಇದೇ ಲಕ್ಷಣ.

ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಸುಮ್ಮನಾಗಿ ಆಮೇಲೆ ಎಳೆದರೆ ಅದು ಉರಿ ತಪ್ಪುವುದೂ ಅಲ್ಲ, ಏರಿಳಿತವೂ ಅಲ್ಲ. ‘ಮುಗ್ಗರಿಸುತ್ತದೆ’ ಅನ್ನಿ, ಕಾರ್ಬುರೇಟರಿನ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ನೋಡಿ.

ಮತ್ತೊಬ್ಬರ ಸೇರಿಕೆ: ಮೇಲಿನ ಮಾತೆಲ್ಲ ಒಪ್ಪಿಗೆ. ‘ಹಂಟಿಂಗ್’ ಇಲ್ಲಿ ಹೆಚ್ಚಾಗಿ ಡೀಸೆಲ್ ಜೀಪು, ಜನರೇಟರ್ ರಿಪೇರಿಯವರ ಮಾತು: ಗವರ್ನರ್ (ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಭಾಗ) ಸರಿಯಾದ ವೇಗಕ್ಕೆ ತಡಕಾಡುವುದು. ಗವರ್ನರಿನ ಲಿಂಕ್ (ಜೋಡಣೆಯ ಕಡ್ಡಿ) ಬಿಗಿಹಿಡಿದಿದ್ದರೆ ಅಥವಾ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದ್ದರೆ ಆಗುತ್ತದೆ. ಕಿವಿಗೆ ಅದೂ ಏರಿಳಿತವೇ; ಹಾಗಾಗಿ ಕನ್ನಡದಲ್ಲಿ ಎರಡಕ್ಕೂ ಒಂದೇ ಪದವಿಟ್ಟು, ‘ಗವರ್ನರ್ ಏರಿಳಿತ’ ಎಂದು ಬಿಡಿಸಿ ಹೇಳಬಹುದು.

ಎತ್ತರದ ವಿಷಯವನ್ನೂ ಸೇರಿಸಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸುಮಾರು ಶೇ 10 ಕಡಿಮೆ. ಇಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಘಾಟಿ ಇಳಿದ ಮೇಲೆ ಪೆಟ್ರೋಲ್ ಸಾಲದೆ ಏರಿಳಿಯಬಹುದು. ಅಲ್ಲಿ ಟ್ಯೂನ್ ಮಾಡಿದ್ದು ಇಲ್ಲಿ ಮಸಿ ಕಟ್ಟಿ ಉರಿ ತಪ್ಪಬಹುದು. ಆದ್ದರಿಂದ ಬಿಚ್ಚುವ ಮೊದಲು ಗಾಡಿ ಎಲ್ಲಿ ಟ್ಯೂನ್ ಆದದ್ದೆಂದು ಕೇಳಬೇಕು ಎಂಬ ಸಾಲನ್ನು ‘ಏರಿಳಿತ’ದ ಅರ್ಥದ ಕೆಳಗೇ ಅಚ್ಚು ಹಾಕಿಸಿ.